ಒಂದು ಮಸುಕಾದ ರೇಡ್

ಮೊದಲು ಕೆಟ್ಟ ಫೋಟೋ ಯಾವುದೆಂದು ಹೇಳಲಾರೆ. ಅಳಿಸಿಬಿಟ್ಟಿದ್ದೇನೆ. ಅದೊಂದನ್ನೇ ಅಲ್ಲ, ಆ ಭಾನುವಾರ ತೆಗೆದವುಗಳಲ್ಲಿ ಮುಕ್ಕಾಲು ಪಾಲನ್ನು ಮೈದಾನದ ಅಂಚಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತೇ, ಚಹಾ ಬರುವಷ್ಟರಲ್ಲಿ ಅಳಿಸಿದೆ. ಹೀಗೆ ಬರೆದರೆ ನಾನೇನೋ ನಿಷ್ಠುರ ಕಲಾವಿದ ಎನಿಸುತ್ತದೆ. ಹಾಗಲ್ಲ. ಪಕ್ಕದಲ್ಲಿ ಕೂತವರು ಕ್ಯಾಮೆರಾದ ಪರದೆಯೊಳಗೆ ಇಣುಕುತ್ತಿದ್ದರು. ನನಗೆ ನಾಚಿಕೆಯಾಗಿತ್ತು.

ಮುಂದೆ ಬರೆಯುವುದರಲ್ಲಿಯೂ ಇಂಥ ತಿದ್ದುಪಡಿಗಳು ಬರುತ್ತವೆ. ಇದೇ ಸಂಗತಿಯನ್ನು ನಾನು ನಾಲ್ಕೈದು ಜನರ ಮುಂದೆ ಹೇಳಿದ್ದೇನೆ, ಪ್ರತಿ ಸಲವೂ ನಾನು ಒಂದಿಷ್ಟು ಜಾಣನಾಗಿದ್ದೇನೆ. ಹೆಂಡತಿ ಎದುರಿಗೆ ಕೂತಿದ್ದರೆ ಮಾತ್ರ ಆ ಜಾಣತನ ಅರ್ಧಕ್ಕೆ ನಿಲ್ಲುತ್ತದೆ. ಆದ್ದರಿಂದ ಇದನ್ನು ಬರೆಯುವಾಗ ಅವಳು ಎದುರಿಗೆ ಕೂತಿದ್ದಾಳೆ ಎಂದುಕೊಂಡಿದ್ದೇನೆ.

ಹೊಟ್ಟೆಪಾಡಿಗೆ ನಾನು ಛಾಯಾಗ್ರಾಹಕನಲ್ಲ. ಪುಣೆಯ ನಿಗಡಿಯಲ್ಲಿ ಮನೆ, ಗೇರ್ ಮಾಡುವ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಕೆಲಸ. ಗೇರಿನ ಹಲ್ಲು ಕೂದಲೆಳೆಯಷ್ಟು ತಪ್ಪಿದ್ದರೂ ಅದನ್ನು ಕೆಂಪು ಡಬ್ಬಿಗೆ ಹಾಕಿಸುವುದು ನನ್ನ ಕೆಲಸ. ಹಾಕುವ ಮೊದಲು ಅದಕ್ಕೊಂದು ಚೀಟಿ ಕಟ್ಟಬೇಕು: ಎಲ್ಲಿ ತಪ್ಪಿದೆ, ಎಷ್ಟು ತಪ್ಪಿದೆ, ಯಾವ ಮಷಿನ್ ಮೇಲೆ ತಪ್ಪಿದೆ. ಚೀಟಿ ಇಲ್ಲದೆ ಡಬ್ಬಿಗೆ ಬಿದ್ದ ಮಾಲು ಕಂಡರೆ ನಾನು ಇಡೀ ಲೈನ್ ನಿಲ್ಲಿಸಿ ಭಾಷಣ ಮಾಡುತ್ತೇನೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಭಾಷಣ ಮಾಡಿದ್ದೇನೆ, ಮರಾಠಿಯಲ್ಲಿ, ಹಿಂದಿಯಲ್ಲಿ, ಒಮ್ಮೊಮ್ಮೆ ಸಿಟ್ಟು ಹೆಚ್ಚಾದಾಗ ಧಾರವಾಡದ ಕನ್ನಡದಲ್ಲಿ.

ಕ್ಯಾಮೆರಾ ಹೊಸದು. ಹಳೆಯ ಕ್ಯಾಮೆರಾಗಳಲ್ಲಿ ಎಲ್ಲಿ ಫೋಕಸ್ ಮಾಡಬೇಕೆಂದು ನಾವು ಹೇಳಬೇಕಿತ್ತು. ಇದು ತಾನೇ ಮನುಷ್ಯರ ಮುಖ ಹುಡುಕುತ್ತದೆ, ಮುಖದಲ್ಲಿ ಕಣ್ಣು ಹುಡುಕುತ್ತದೆ, ಕಣ್ಣಿನ ಮೇಲೆ ಒಂದು ಸಣ್ಣ ಹಸಿರು ಚೌಕ ಕೂರಿಸಿ ಬೆನ್ನು ಹತ್ತುತ್ತದೆ. ಇದರ ಜೊತೆಗೆ ಎರಡೂ ಕೈಯಲ್ಲಿ ಹಿಡಿಯಬೇಕಾದಷ್ಟು ಉದ್ದದ ಲೆನ್ಸ್. ಅದನ್ನು ಕೊರಳಿಗೆ ಹಾಕಿಕೊಂಡು ನಮ್ಮ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮಕ್ಕೆ ಹೋಗಿದ್ದೆ. ಅಧ್ಯಕ್ಷರು ಲೆನ್ಸಿನ ಉದ್ದ ನೋಡಿ ಅಲ್ಲೇ ನನ್ನನ್ನು ಸಂಘದ ಅಧಿಕೃತ ಛಾಯಾಗ್ರಾಹಕ ಎಂದು ಘೋಷಿಸಿದರು. ಒಂದು ಫೋಟೋವನ್ನೂ ನೋಡಿರಲಿಲ್ಲ.

ಅಧ್ಯಕ್ಷರು ದಂತವೈದ್ಯರು. ಅವರ ನಗೆಯೇ ಅವರ ಬೋರ್ಡು.

ಪುಣೆಯಲ್ಲಿ ಕನ್ನಡ ರಾಜ್ಯೋತ್ಸವ ಒಂದು ದಿನಕ್ಕೆ ಮುಗಿಯುವುದಿಲ್ಲ. ನವೆಂಬರಿನ ನಾಲ್ಕೂ ಭಾನುವಾರ ಅದು ಯಾರದೋ ಸಭಾಗೃಹದಲ್ಲಿ ನಡೆಯುತ್ತಲೇ ಇರುತ್ತದೆ. ಆ ವರ್ಷ ಸಂಘದವರು ಭಾಷಣ ಕಡಿಮೆ ಮಾಡಿ ಹೆಣ್ಣುಮಕ್ಕಳ ಕಬಡ್ಡಿ ಪಂದ್ಯಾವಳಿ ಇಟ್ಟರು. ಭಾಷಣ ಕಡಿಮೆಯಾಗಲಿಲ್ಲ, ಕಬಡ್ಡಿ ಹೆಚ್ಚಾಯಿತು. ಸಂಘದ ಕಟ್ಟಡದ ಹಿಂದಿನ ಬಯಲಿನಲ್ಲಿ ಹೊಸ ಮ್ಯಾಟ್ ಹಾಸಿದರು. ಗೆದ್ದ ತಂಡಕ್ಕೆ ಕಪ್ಪಿನ ಜೊತೆಗೆ ಒಂದು ವರ್ಷ ಆ ಮ್ಯಾಟು, ಆ ಮೈದಾನ ಅಭ್ಯಾಸಕ್ಕೆ ಬಿಟ್ಟುಕೊಡಲಾಗುವುದು ಎಂದು ಅಧ್ಯಕ್ಷರು ಮೈಕಿನಲ್ಲಿ ಹೇಳಿದರು. ಹೇಳುವಾಗ ಯಾರು ಗೆಲ್ಲುತ್ತಾರೆಂದು ಅವರಿಗೆ ಅನುಮಾನವಿರಲಿಲ್ಲ ಎಂದು ಕಾಣುತ್ತದೆ. ಮಗರಪಟ್ಟಾದ ಕನ್ನಡ ಹುಡುಗಿಯರ ತಂಡವಿತ್ತು, ಹೆಚ್ಚಿನವರು ಐಟಿಯವರು, ಬೆಂಗಳೂರು ಕಡೆಯವರು. ಅವರಿಗೆ ತರಬೇತುದಾರನಿದ್ದ, ಒಂದೇ ಬಣ್ಣದ ಬೂಟುಗಳಿದ್ದವು, ನಾಯಕಿ ಅಧ್ಯಕ್ಷರ ಸ್ವಂತ ಸೊಸೆ.

ಕೊನೆಯಲ್ಲಿ ಹೆಸರು ಕೊಟ್ಟ ತಂಡ ಯೆರವಡಾದ್ದು. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳ ಹೆಣ್ಣುಮಕ್ಕಳು. ಅವರ ನಾಯಕಿಗೆ ಇಪ್ಪತ್ತೈದು ಇಪ್ಪತ್ತಾರು ಇರಬಹುದು. ಬೆಳಗಿನ ಪಾಳಿಯಲ್ಲಿ ಒಂದು ಐಟಿ ಕಂಪನಿಯ ನೆಲ ಒರೆಸುವ ಕೆಲಸ, ಸಂಜೆ ಕಬಡ್ಡಿ. ಎಲ್ಲಿ ಆಡುತ್ತೀರಿ ಎಂದು ಕೇಳಿದೆ.

"ಸ್ಲ್ಯಾಬ್ ಮ್ಯಾಲ್ರಿ. ನಮ್ಮಪ್ಪ ಕೆಲಸ ಮಾಡೋ ಬಿಲ್ಡಿಂಗಿನಾಗ." ಅವಳು ಮೊಣಕಾಲು ತೋರಿಸಿದಳು. ಮೊಣಕಾಲಿನ ಚರ್ಮ ಒಂದು ಬಣ್ಣದ್ದಾಗಿ ಉಳಿದಿರಲಿಲ್ಲ. "ಕಪ್ ಯಾರರ ಇಟಗೋಲಿರಿ ಸರ್. ನಮಗ ಮ್ಯಾಟ್ ಬೇಕು. ಸಿಮೆಂಟಿನ ಮ್ಯಾಲ ಬಿದ್ದ್ ಬಿದ್ದ್ ಇಬ್ರು ಆಡಾದೇ ಬಿಟ್ಟಾರ. ಈ ವರ್ಷನೂ ಸ್ಲ್ಯಾಬೇ ಗತಿ ಅಂದ್ರ ಉಳದವ್ರೂ ಬಿಡ್ತಾರ್ರಿ. ಟೀಮೇ ಇರಂಗಿಲ್ಲ."

ಅಂದು ಅವಳು ನಾಲ್ಕು ಪಂದ್ಯಗಳಲ್ಲಿ ರೇಡ್ ಮಾಡಿದ ರೀತಿಗೆ ಅಧ್ಯಕ್ಷರ ನಗೆ ಸ್ವಲ್ಪ ಸಣ್ಣದಾಯಿತು. ಯೆರವಡಾ ಫೈನಲ್‌ಗೆ ಬಂತು. ಅವಳು ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು, "ತೋರಸ್ರಿ ಸರ್, ನಾ ಹೆಂಗ ಬಂದೀನಿ?" ಅಂದಳು. ಅಳಿಸದೆ ಉಳಿದಿದ್ದ ಒಂದನ್ನು ತೋರಿಸಿದೆ. ಅವಳು ಪರದೆಯನ್ನು ಎರಡೂ ಕೈಯಿಂದ ಮರೆ ಮಾಡಿಕೊಂಡು ನೋಡಿದಳು.

"ಇದು ನಾ ಏನ್ರಿ?"

"ಹೌದಲ್ಲ."

"ಹೊಗಿಯೊಳಗ ನಿಂತಂಗ ಅದ. ಅಡ್ಡಿ ಇಲ್ಲ ಬಿಡ್ರಿ, ಫೈನಲ್‌ಗೆ ಛಲೋ ತಗೀರಿ."

ಆ ಫೋಟೋವನ್ನೂ ಅಳಿಸಿದೆ.

ಮುಂದಿನ ಭಾನುವಾರದವರೆಗೆ ಆರು ದಿನ. ತಪಾಸಣೆ ವಿಭಾಗದ ಮನುಷ್ಯ ಆರು ದಿನದಲ್ಲಿ ಏನು ಮಾಡಬಹುದೋ ಅದೆಲ್ಲ ಮಾಡಿದೆ. ನಮ್ಮಲ್ಲಿ ಒಂದು ಪದ್ಧತಿಯಿದೆ: ತಪ್ಪು ಸಿಕ್ಕರೆ ಐದು ಸಲ "ಯಾಕೆ" ಎಂದು ಕೇಳಬೇಕು. ನೋಟ್‌ಬುಕ್ಕಿನಲ್ಲಿ ಬರೆದೆ. ಫೋಟೋ ಮಸುಕು, ಯಾಕೆ? ಫೋಕಸ್ ತಪ್ಪಿದೆ. ಯಾಕೆ? ಲೆನ್ಸ್ ನಿಧಾನವಿರಬಹುದು. ಯಾಕೆ? ಲೆನ್ಸು ಕ್ಯಾಮೆರಾ ಸೇರುವಲ್ಲಿನ ಚಿನ್ನದ ಬಣ್ಣದ ಸಣ್ಣ ಸಣ್ಣ ಬಿಂದುಗಳಿಗೆ ಧೂಳು ಕೂತಿರಬಹುದು. ಯಾಕೆ? ಪುಣೆ. ಐದನೆಯ ಯಾಕೆಗೆ ಉತ್ತರವಿರಲಿಲ್ಲ. ಎರೇಸರಿನಿಂದ ಆ ಬಿಂದುಗಳನ್ನು ಉಜ್ಜಿದೆ. ಫೋಕಸ್ ಒಮ್ಮೆ ಹಿಡಿದು ನಿಲ್ಲುವ ಬದಲು ಓಡುವವರ ಜೊತೆ ಓಡುವ ಕ್ರಮದಲ್ಲಿದೆಯೇ ನೋಡಿದೆ, ಇತ್ತು. ಶಟರ್ ವೇಗ ಸಾಲದೆ ಕೈ ಅಲುಗಿದ್ದಿರಬಹುದೇ? ಇಲ್ಲ. ಊಟದ ಟೇಬಲ್ಲಿನ ಮೇಲೆ ಸ್ಕೇಲನ್ನು ಓರೆಯಾಗಿ ನಿಲ್ಲಿಸಿ, ಲೆನ್ಸು ಹೇಳಿದ ಗೆರೆಗೇ ಹೋಗುತ್ತದೋ ಹಿಂದುಮುಂದಾಗುತ್ತದೋ ಎಂದು ಎರಡು ಸಂಜೆ ಅಳೆದೆ. ಹೇಳಿದ ಗೆರೆಗೇ ಹೋಗುತ್ತಿತ್ತು. ಕಂಪನಿಯ ಹೊಸ ಸಾಫ್ಟ್‌ವೇರ್ ತುಂಬಿಸಿದೆ. ಹವ್ಯಾಸಿಗಳ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ; ಹನ್ನೊಂದು ಜನ ಹನ್ನೊಂದು ಬಗೆಯ ಉತ್ತರ ಕೊಟ್ಟರು, ಹನ್ನೆರಡನೆಯವರು ಅವರೆಲ್ಲರಿಗೂ ಶುಭೋದಯ ಹೇಳಿದರು.

ಓಡುವ ವಸ್ತುವಿನ ಮೇಲೆ ಪರೀಕ್ಷೆಯಾಗಬೇಕಿತ್ತು. ಓಡುವ ವಸ್ತು ಎಂದರೆ ಮನೆಯಲ್ಲಿ ಹೆಂಡತಿ. ಸೊಸೈಟಿಯ ಪಾರ್ಕಿಂಗಿನಲ್ಲಿ ಅವಳ ಕೈಗೆ ಮೆಂತ್ಯದ ಚೀಲ ಕೊಟ್ಟು ಆ ತುದಿಯಿಂದ ನನ್ನ ಕಡೆ ನಡೆಸಿದೆ. ಆಮೇಲೆ ಓಡಿ ಬಾ ಅಂದೆ.

"ನಾ ಓಡಿದ್ರ ಸೊಸೈಟಿ ಮಂದಿ ಏನೋ ಆಗೇತಿ ಅಂತ ಆಂಬುಲೆನ್ಸ್ ಕರಸ್ತಾರ."

"ಒಂದ ಸಲ."

"ಒಂದ ಸಲ ಅಂತ ಐದನೇ ಸಲ ಹೇಳಾಕತ್ತೀರಿ. ನೀವು ಓಡ್ರಿ, ನಾ ತಗೀತೀನಿ."

ಓಡಿದಳು. ಇಪ್ಪತ್ತು ಫೋಟೋಗಳಲ್ಲಿ ಇಪ್ಪತ್ತೂ ಸ್ಪಷ್ಟ. ಕಣ್ರೆಪ್ಪೆ ಎಣಿಸಬಹುದಿತ್ತು, ಸಿಟ್ಟನ್ನೂ ಎಣಿಸಬಹುದಿತ್ತು. ಅವಳು ಒಂದೊಂದನ್ನೇ ನೋಡಿ ಚೀಲ ತೆಗೆದುಕೊಂಡು ಲಿಫ್ಟಿನ ಕಡೆ ನಡೆದಳು. "ಕ್ಯಾಮೆರಾ ಛಲೋ ಐತಿ. ಹಿಡಿಯೋರನ್ನ ರಿಪೇರಿಗೆ ಹಾಕ್ರಿ."

ನಾನು ಕ್ಯಾಮೆರಾವನ್ನೇ ರಿಪೇರಿಗೆ ಒಯ್ದೆ. ಹಳೇ ಪೇಟೆಯ ಗಲ್ಲಿಯಲ್ಲಿ, ಒಂದು ಮಂಚದಷ್ಟು ಜಾಗದಲ್ಲಿ ಕೂತು ನಲವತ್ತು ವರ್ಷದಿಂದ ಕ್ಯಾಮೆರಾ ಬಿಚ್ಚುವ ಮರಾಠಿ ಮುದುಕರು. ಹಣೆಯ ಮೇಲಿನ ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿ ಲೆನ್ಸ್ ನೋಡಿದರು, ಎದುರಿನ ಅಂಗಡಿಯ ಕ್ಯಾಲೆಂಡರಿಗೆ ಗುರಿಯಿಟ್ಟು ನಾಲ್ಕು ಫೋಟೋ ತೆಗೆದರು, ರಸ್ತೆಯ ಸ್ಕೂಟರುಗಳ ಮೇಲೆ ಹತ್ತು ತೆಗೆದರು. "ಠಣಠಣೀತ್ ಆಹೆ," ಎಂದರು. ಕಲ್ಲುಗುಂಡಿನ ಹಾಗಿದೆ ಎಂದರ್ಥ. ಆಮೇಲೆ, ಕೆಟ್ಟು ಬಂದ ಫೋಟೋಗಳನ್ನು ತೋರಿಸಿ ಎಂದರು.

ಅಳಿಸಿದ್ದೇನೆ ಎಂದೆ.

ಪೇಷಂಟು ಎಕ್ಸ್‌ರೇ ಹರಿದು ಹಾಕಿ ಬಂದರೆ ಡಾಕ್ಟರು ನೋಡುವ ಹಾಗೆ ನೋಡಿದರು. ಮರಾಠಿಯಲ್ಲಿ, ನಿಧಾನವಾಗಿ, ದಡ್ಡನಿಗೆ ತಿಳಿಯುವಂತೆ ಕೇಳಿದರು: "ಹುಡುಗಿಯ ಮೇಲೆ ಫೋಕಸ್ ಇರಲಿಲ್ಲ, ಒಪ್ಪಿದೆ. ಮತ್ತೆ ಎಲ್ಲಿತ್ತು ಸಾಹೇಬರೇ? ಎಲ್ಲಿಗಾದರೂ ಹೋಗಿರಲೇಬೇಕಲ್ಲ, ಅದೇನು ಆವಿಯಾಗುತ್ತದೆಯೇ?"

ಈಗ ಕೂತು ಯೋಚಿಸಿದರೆ ಆ ಪ್ರಶ್ನೆಯಲ್ಲೇ ಎಲ್ಲವೂ ಇತ್ತು. ಚೀಟಿ ಕಟ್ಟದೆ ಡಬ್ಬಿಗೆ ಎಸೆದಿದ್ದೆ. ಹುಡುಗಿ ಮಸುಕು ಎಂದಷ್ಟೇ ನೋಡಿ, ಸ್ಪಷ್ಟವಾಗಿ ಬಂದದ್ದು ಏನು ಎಂದು ಒಮ್ಮೆಯೂ ನೋಡಿರಲಿಲ್ಲ. ಆ ಮಾತು ಕೇಳಿದೊಡನೆ ನನಗೆ ಬೆಳಕು ಹೊಳೆಯಿತು ಎಂದು ಒಬ್ಬರ ಮುಂದೆ ಹೇಳಿದ್ದೂ ಉಂಟು. ಹೊಳೆಯಲಿಲ್ಲ. ಮುದುಕರಿಗೆ ಹೊಸ ಕ್ಯಾಮೆರಾಗಳು ತಿಳಿಯುವುದಿಲ್ಲ ಎಂದುಕೊಂಡು ಅಲ್ಲಿಂದ ಎದ್ದು ಬಂದೆ.

ಫೈನಲ್ ದಿನ ಮೈದಾನದ ಆಚೆ ಬದಿಗೆ ಹೊಸ ಫ್ಲೆಕ್ಸ್ ಕಟ್ಟಿದ್ದರು. ಹಿಂದಿನ ಭಾನುವಾರದ ಫ್ಲೆಕ್ಸಿನಲ್ಲಿ ಎಂಟು ಮುಖಗಳಿದ್ದವು. ಫೋಟೋ ಹಾಕಿಲ್ಲವೆಂದು ಆರು ಜನ ಮುನಿಸಿಕೊಂಡು ವಾರವಿಡೀ ಫೋನ್ ಎತ್ತದೆ ಇದ್ದುದರಿಂದ ಈಗ ಹದಿನಾಲ್ಕು. ನಾವು ಪುಣೆಯಲ್ಲಿ ಕನ್ನಡ ಉಳಿಸಿಕೊಂಡಿದ್ದೇವೋ ಇಲ್ಲವೋ, ಪುಣೆಯ ಫ್ಲೆಕ್ಸನ್ನಂತೂ ಪೂರಾ ಕಲಿತಿದ್ದೇವೆ: ಕೈ ಮುಗಿದವರು, ಕಪ್ಪು ಕನ್ನಡಕದವರು, ಯಾರಿಗೋ ಗಹನವಾಗಿ ಫೋನ್ ಮಾಡುತ್ತಿರುವವರು. ನಡುವೆ ಅಧ್ಯಕ್ಷರು, ಉಳಿದವರಿಗಿಂತ ನಾಲ್ಕು ಪಟ್ಟು ದೊಡ್ಡವರು, ಅಷ್ಟೂ ಹಲ್ಲುಗಳೊಂದಿಗೆ. ಎಡಮೂಲೆಯಲ್ಲಿ ತಾಯಿ ಭುವನೇಶ್ವರಿ, ಅಂಚೆಚೀಟಿಯಷ್ಟು. ಫ್ಲೆಕ್ಸಿನ ಕೆಳಗೆ ಗಣ್ಯರ ಕುರ್ಚಿಗಳು. ಕುರ್ಚಿಗಳ ಮುಂದೆ, ಅಂಗಳದ ಗೆರೆಗೆ ಅಂಟಿ, ಆಚೆ ಕಡೆಯ ಅಂಪೈರ್. ಅವರು ಸಂಘದ ಜಂಟಿ ಕಾರ್ಯದರ್ಶಿಗಳು. ಫ್ಲೆಕ್ಸಿನ ಮೇಲೂ ಇದ್ದರು.

ಮುಖ್ಯ ರೆಫರಿ ಶಾಲೆಯೊಂದರ ಪಿಟಿ ಮಾಸ್ತರು, ಮರಾಠಿಯವರು, ನಮ್ಮ ಜಗಳಗಳಿಗೆ ಸಂಬಂಧವಿಲ್ಲದವರು.

ಪಂದ್ಯವನ್ನು ವರ್ಣಿಸುವುದಿಲ್ಲ. ನನಗೆ ನೆನಪಿರುವುದು ಹಸಿರು ಚೌಕದ ಸುತ್ತ ಮಸುಕಾಗಿ ಓಡಾಡಿದ ಬಣ್ಣಗಳು ಮಾತ್ರ, ಉಳಿದದ್ದನ್ನು ಆಮೇಲೆ ಬೇರೆಯವರ ಮಾತಿನಿಂದ ತುಂಬಿಕೊಂಡೆ. ಕೊನೆಯ ರೇಡ್ ಹೊತ್ತಿಗೆ ಅಂಕಗಳು ಸಮ. ಯೆರವಡಾದ ನಾಯಕಿ ಕಬಡ್ಡಿ ಕಬಡ್ಡಿ ಎನ್ನುತ್ತ ಎದುರಾಳಿಗಳ ಅಂಗಳದೊಳಗೆ ಹೋದಳು, ಒಬ್ಬಳನ್ನು ಮುಟ್ಟಿ ತಿರುಗಿದಳು. ನಾಲ್ವರು ಮೇಲೆ ಬಿದ್ದರು. ಅವರೆಲ್ಲರನ್ನೂ ಎಳೆದುಕೊಂಡು ಎರಡು ಹೆಜ್ಜೆ ಬಂದು, ಬಿದ್ದು, ಬಲಗೈಯನ್ನು ನಡುಗೆರೆಯ ಕಡೆ ಚಾಚಿದಳು. ಉಸಿರು ಬಿಡುವ ಮೊದಲು ಬೆರಳು ಗೆರೆಗೆ ಮುಟ್ಟಿದ್ದರೆ ಯೆರವಡಾ ಗೆದ್ದಂತೆ, ಮ್ಯಾಟ್ ಅವರದು. ಮುಟ್ಟದಿದ್ದರೆ ಅವಳು ಔಟು, ಮಗರಪಟ್ಟಾ ಗೆದ್ದಂತೆ, ಇವರಿಗೆ ಮತ್ತೆ ಸಿಮೆಂಟು. ಸೀಟಿ ಕೇಳಿಸಿತು. ಅಷ್ಟೂ ಹೊತ್ತು ನಾನು ಬೆರಳು ಎತ್ತದೆ ಕ್ಯಾಮೆರಾ ಒತ್ತಿ ಹಿಡಿದಿದ್ದೆ.

ಮುಟ್ಟಿತೇ? ಈಚೆ ಬದಿಯಲ್ಲಿ ನಾನು ಎಲ್ಲರಿಗಿಂತ ಹತ್ತಿರ ಇದ್ದೆ, ಅತ್ಯಂತ ಉದ್ದದ ಲೆನ್ಸಿನೊಳಗಿಂದ ನೋಡುತ್ತಿದ್ದೆ. ನನಗೆ ಗೊತ್ತಿಲ್ಲ.

ಮುಖ್ಯ ರೆಫರಿ ಅಂಗಳದ ಇನ್ನೊಂದು ತುದಿಯಲ್ಲಿದ್ದರು. ಈಚೆ ಕಡೆಯ ಅಂಪೈರ್ ಊಟದ ವ್ಯವಸ್ಥೆ ನೋಡಲು ಆಗಲೇ ಎದ್ದು ಹೋಗಿದ್ದರು. ಉಳಿದವರು ಆಚೆ ಕಡೆಯ ಜಂಟಿ ಕಾರ್ಯದರ್ಶಿ. ಕೇಳಿದ್ದಕ್ಕೆ, "ನನಗ ಸರಿಯಾಗಿ ಕಾಣ್ಲಿಲ್ರಿ," ಎಂದರು. ರೆಫರಿ ಔಟ್ ಕೊಟ್ಟರು. ಯೆರವಡಾ ಹುಡುಗಿಯರು ಮ್ಯಾಟ್ ಬಿಟ್ಟು ಏಳಲಿಲ್ಲ. ಗದ್ದಲದ ನಡುವೆ ಯಾರೋ, "ಫೋಟೋ ತಗದಾರಲ್ಲ, ನೋಡ್ರಿ," ಎಂದರು. ಯಾರೋ ಎಂದೆ. ಪಂದ್ಯ ನೋಡಲು ಬಂದಿದ್ದ ಹೆಂಡತಿಯ ಪ್ರಕಾರ ಅದು ನಾನೇ. "ಸೆಕೆಂಡಿಗೆ ಇಪ್ಪತ್ತು ಫೋಟೋ ಬೀಳತಾವು, ಎಲ್ಲಾ ಅದರಾಗ ಐತಿ ಅಂತ ಎದಿ ತಟಗೊಂಡು ನೀವ ಹೇಳಿದ್ರಿ."

ಸಂಘದ ಆಫೀಸಿನ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆವು. ಅಧ್ಯಕ್ಷರು, ರೆಫರಿ, ಜಂಟಿ ಕಾರ್ಯದರ್ಶಿ, ಇಬ್ಬರು ನಾಯಕಿಯರು, ನಾನು. ಬಾಗಿಲಲ್ಲಿ ನನ್ನ ಹೆಂಡತಿ. ಸರಿಯಾದ ಫ್ರೇಮ್ ಸಿಕ್ಕಿತು. ಚಾಚಿದ ಕೈ, ಕೆಳಗೆ ಗೆರೆ. ದೊಡ್ಡದು ಮಾಡಿದೆ. ಬೆರಳು ಎಲ್ಲಿ ಮುಗಿಯುತ್ತದೆ, ಗೆರೆ ಎಲ್ಲಿ ಶುರುವಾಗುತ್ತದೆ ಎಂಬುದು ಹಾಲಿನಲ್ಲಿ ಕದಡಿದಂತಿತ್ತು. ಹಿಂದಿನ ಫ್ರೇಮ್, ಮುಂದಿನ ಫ್ರೇಮ್, ಎಲ್ಲವೂ ಹಾಗೆಯೇ.

ಆಗ ಅಧ್ಯಕ್ಷರು, "ಓಹೋ! ಏನ್ ಛಂದ ಬಂದದ್ರೀ!" ಎಂದರು.

ಅವರು ನೋಡುತ್ತಿದ್ದದ್ದು ಫೋಟೋದ ಮೇಲ್ಭಾಗವನ್ನು. ಅಲ್ಲಿ ಅವರಿದ್ದರು. ಮುಂದಿನ ಎರಡು ಹಲ್ಲುಗಳ ಸಂದು ಕಾಣುತ್ತಿತ್ತು. ಫ್ಲೆಕ್ಸಿನ ಮುದ್ರಣದ ಚುಕ್ಕೆಗಳು ಒಂದೊಂದಾಗಿ ಕಾಣುತ್ತಿದ್ದವು. ಹದಿನಾಲ್ಕು ಮುಖಗಳೂ ಬೆಳ್ಳಿ ನಾಣ್ಯದ ಹಾಗೆ ಖಡಕ್ಕಾಗಿ ಬಂದಿದ್ದವು.

ಎರಡು ಭಾನುವಾರ ನನ್ನ ಕ್ಯಾಮೆರಾ ಅವರನ್ನೇ ತೆಗೆದಿತ್ತು. ಅದರದೇನೂ ತಪ್ಪಿರಲಿಲ್ಲ. ಮುಖ ಹುಡುಕು ಎಂದಿದ್ದೆ, ಹುಡುಕಿತ್ತು. ಅಂಗಳದಲ್ಲಿ ಇದ್ದದ್ದು ಬಗ್ಗಿದ ತಲೆ, ಕೆದರಿದ ಕೂದಲು, ಮೇಲೆ ನಾಲ್ವರ ತೋಳು. ಹಿಂದೆ ಇದ್ದದ್ದು ನೇರವಾಗಿ ಲೆನ್ಸನ್ನೇ ನೋಡುವ, ಅಲುಗದ, ರೆಪ್ಪೆ ಮಿಟುಕಿಸದ, ಮನುಷ್ಯನ ಮುಖಕ್ಕಿಂತ ದೊಡ್ಡದಾದ ಮುಖಗಳು. ಓಡುವವಳನ್ನು ಬಿಟ್ಟು ನಗುವವರನ್ನು ಆರಿಸಿಕೊಳ್ಳುವುದನ್ನು ಅದಕ್ಕೆ ಯಾರೂ ಕಲಿಸಬೇಕಿರಲಿಲ್ಲ. ಮುಖ ಹುಡುಕುವುದನ್ನು ಬಂದ್ ಮಾಡಿ, ನಡುವಿನ ಸಣ್ಣ ಜಾಗಕ್ಕೆ ಮಾತ್ರ ಫೋಕಸ್ ಕಟ್ಟಿಹಾಕಿದ್ದರೆ ಮುಗಿಯುತ್ತಿತ್ತು. ಮೂರು ಸಲ ಗುಂಡಿ ಒತ್ತುವ ಕೆಲಸ. ಸೊಸೈಟಿಯ ಪಾರ್ಕಿಂಗಿನಲ್ಲಿ ಫ್ಲೆಕ್ಸ್ ಇರಲಿಲ್ಲ, ಹೆಂಡತಿಗೆ ಒಂದೇ ಮುಖ. ಅಲ್ಲಿ ತಪ್ಪು ಸಿಗುವುದಾದರೂ ಹೇಗೆ?

"ಇದನ್ನ ಸ್ಮರಣ ಸಂಚಿಕೆಯ ಮುಖಪುಟಕ್ಕ ಹಾಕೋಣ್ರಿ," ಎಂದರು ಅಧ್ಯಕ್ಷರು. "ಕೈಯಂತೂ ಕಾಣಂಗಿಲ್ಲ. ರೆಫರಿ ಸಾಹೇಬರ ತೀರ್ಮಾನನೇ ಅಂತಿಮ."

ಇಲ್ಲಿಂದ ಮುಂದಿನದನ್ನು ನಾನು ಬಹಳ ಸಲ ಹೀಗೆ ಹೇಳಿದ್ದೇನೆ: ನನ್ನ ತಪಾಸಣೆಯ ಕಣ್ಣು ಫೋಟೋದ ಹಿಂಬದಿಯಲ್ಲಿ ಏನನ್ನೋ ಹಿಡಿಯಿತು, ನಾನು ಎದ್ದು ನಿಂತು "ಒಂದು ನಿಮಿಷ" ಎಂದೆ. ಒಂದು ನಿಮಿಷ ಎಂದವಳು ಯೆರವಡಾದ ನಾಯಕಿ. ನಾನೂ ಅದನ್ನು ಕಂಡಿದ್ದೆ ಎನ್ನುವುದು ನಿಜ, ಅವಳಿಗಿಂತ ಮೊದಲೇ ಕಂಡಿದ್ದೆ. ಕಂಡು, ಮುಖಪುಟದ ಫೋಟೋ ಕೆಳಗೆ ನನ್ನ ಹೆಸರು ಯಾವ ಅಕ್ಷರದಲ್ಲಿ ಬರುತ್ತದೆ ಎಂದು ಯೋಚಿಸುತ್ತ ಲ್ಯಾಪ್‌ಟಾಪ್ ಮುಚ್ಚಲು ಕೈ ಇಟ್ಟಿದ್ದೆ.

"ನಿಂದರ್ರಿ ಸರ್. ಮುಚ್ಚಬ್ಯಾಡ್ರಿ. ಆ ಎತ್ತಿದ ಕೈ ಯಾರ್ದು?"

ಪರದೆಯ ಮೇಲೆ ಅವಳ ಬೆರಳು ಫ್ಲೆಕ್ಸಿನ ಕೆಳಗೆ ಇತ್ತು. ಅಲ್ಲಿ ಜಂಟಿ ಕಾರ್ಯದರ್ಶಿ ಗೆರೆಯ ಪಕ್ಕ ಬಗ್ಗಿ ನಿಂತಿದ್ದರು. ಫ್ಲೆಕ್ಸಿಗೆ ಹತ್ತಿರವಿದ್ದುದರಿಂದ ಅವರೂ ಅಷ್ಟೇ ಸ್ಪಷ್ಟ. ಒಂದೇ ಫೋಟೋದಲ್ಲಿ ಅವರು ಇಬ್ಬರು: ಮೇಲಿನವರು ಎರಡೂ ಕೈ ಮುಗಿದಿದ್ದರು, ಕೆಳಗಿನವರ ಬಲಗೈ ನೇರವಾಗಿ ಎದ್ದು ಯೆರವಡಾದ ಅಂಗಳದ ಕಡೆ ಚಾಚಿತ್ತು. ಅಂಕ ಆ ಕಡೆಗೆ ಎನ್ನುವ ಸನ್ನೆ. ಕಬಡ್ಡಿ ನೋಡುವ ಮಕ್ಕಳಿಗೂ ಗೊತ್ತಿರುವ ಸನ್ನೆ.

ಎಲ್ಲರೂ ಜಂಟಿ ಕಾರ್ಯದರ್ಶಿಯ ಕಡೆ ತಿರುಗಿದರು.

"ಅದು... ನೊಣಾ ಹೊಡದೆ," ಎಂದರು ಜಂಟಿ ಕಾರ್ಯದರ್ಶಿ.

"ಭಾಳ ದೊಡ್ಡ ನೊಣಾ ಇರಬೇಕ್ರಿ ಕಾಕಾ," ಎಂದಳು ಅವಳು.

ರೆಫರಿ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು, ಮರಾಠಿಯಲ್ಲಿ, ಒಂದೊಂದೇ ಫ್ರೇಮ್ ಮುಂದೆ ಮಾಡಿ ಎಂದರು. ಮಾಡಿದೆ. ಕೈ ಮೇಲಿದೆ. ಮೇಲಿದೆ. ಹಿಂದಿನ ಕುರ್ಚಿಯಿಂದ ಅಧ್ಯಕ್ಷರು ಮುಂದಕ್ಕೆ ಬಾಗಿದ್ದಾರೆ. ಅಧ್ಯಕ್ಷರ ಬಾಯಿ ತೆರೆದಿದೆ. ಏನು ಹೇಳಿದರೋ ಫೋಟೋದಲ್ಲಿ ಕೇಳಿಸುವುದಿಲ್ಲ. ಕೈ ಅರ್ಧಕ್ಕೆ ಇಳಿದಿದೆ. ಮುಂದೆ ಹತ್ತು ಫ್ರೇಮ್ ಕಳೆದಾಗ ಅದೇ ಕೈ ಬಲಗಿವಿಯನ್ನು ತುರಿಸುತ್ತಿತ್ತು.

"ಇನ್ನ್ಯಾಕ ಸುಮ್ನ ಕೂತೀರಿ?" ಎಂದಳು ಬಾಗಿಲಲ್ಲಿದ್ದ ನನ್ನ ಹೆಂಡತಿ. ಯಾರಿಗೆ ಹೇಳಿದಳೆಂದು ಎಲ್ಲರಿಗೂ ತಿಳಿಯಿತು. ಆಗ ನಾನು, ಫೋಟೋ ತೆಗೆದ ಕ್ರಮದಲ್ಲೇ ಇವೆ, ಯಾವುದನ್ನೂ ತಿದ್ದಿಲ್ಲ, ಸನ್ನೆ ಮಾಡಿದ್ದು ನಿಜ ಎಂದೆ. ನಾನು ಆ ದಿನ ಹೇಳಿದ ಒಟ್ಟು ಸತ್ಯ ಇಷ್ಟೇ, ಅದೂ ಕೊನೆಯಲ್ಲಿ.

ಸನ್ನೆ ಕೊಟ್ಟ ಮೇಲೆ ಕೊಟ್ಟಂತೆ, ತೀರ್ಮಾನ ಬದಲಿಸುತ್ತೇನೆ ಎಂದರು ರೆಫರಿ. ಅಧ್ಯಕ್ಷರು ಎರಡೂ ಕೈ ಎತ್ತಿ ಮುಗಿದರು, ಥೇಟ್ ಫ್ಲೆಕ್ಸಿನ ಹಾಗೆ. "ಆಗ್ಲಿ, ಆಗ್ಲಿ. ಎಲ್ಲಾರೂ ನಮ್ಮವರ. ಪರದೇಶದಾಗ ಕನ್ನಡಿಗರು ಕನ್ನಡಿಗರ ಜೋಡಿ ಜಗಳಾಡಬಾರದು. ಇಬ್ಬರನ್ನೂ ವಿಜೇತರು ಅಂತ ಘೋಷಿಸೋಣ. ಮ್ಯಾಟು, ಮೈದಾನ ಆರಾರು ತಿಂಗಳು." ಅವರು ನಿಗಡಿಯಿಂದ ಅಷ್ಟೇನೂ ದೂರವಲ್ಲದ ಕಡೆ ಮೂವತ್ತು ವರ್ಷದಿಂದ ಇದ್ದಾರೆ, ಆದರೂ ಪರದೇಶ. ರೆಫರಿಗೆ ಕನ್ನಡ ತಿಳಿಯಲಿಲ್ಲ. ತಿಳಿಸುವಷ್ಟರಲ್ಲಿ ಹೊರಗೆ ಮೈಕಿನಲ್ಲಿ ಘೋಷಣೆ ಆಗಿಹೋಗಿತ್ತು. ಸಂಘದ ಸದಸ್ಯತ್ವ ಹಳೆಯದೆಂಬ ಕಾರಣಕ್ಕೆ ಮಗರಪಟ್ಟಾಕ್ಕೆ ಡಿಸೆಂಬರಿನಿಂದ ಮೇ, ಯೆರವಡಾಕ್ಕೆ ಜೂನಿನಿಂದ ನವೆಂಬರ್. ಚಪ್ಪಾಳೆ ಬಿತ್ತು. ಆ ಬಯಲನ್ನು ಮಳೆಗಾಲದಲ್ಲಿ ಕಂಡವರು ಚಪ್ಪಾಳೆ ಹೊಡೆಯಲಾರರು, ಕಂಡವರೂ ಹೊಡೆದರು.

ಅವಳು ಕಪ್ಪಿನ ಒಂದು ಕಿವಿ ಹಿಡಿದು ಫೋಟೋಕ್ಕೆ ನಿಂತಳು, ಇನ್ನೊಂದು ಕಿವಿ ಅಧ್ಯಕ್ಷರ ಸೊಸೆಯ ಕೈಯಲ್ಲಿ. ನಾನು ತೆಗೆದೆ. ಎಲ್ಲರೂ ಅಲುಗದೆ ಲೆನ್ಸನ್ನೇ ನೋಡುತ್ತಿದ್ದುದರಿಂದ ಎಲ್ಲರೂ ಸ್ಪಷ್ಟ ಬಂದರು. ಆಮೇಲೆ ಅವಳು ಕಪ್ಪಿನ ಕಿವಿ ಬಿಟ್ಟು ಕೇಳಿದಳು:

"ಜೂನಿನ್ಯಾಗ ಇಲ್ಲಿ ಏನ್ ಮಾಡಬೇಕ್ರಿ ನಾವು? ಮೀನ ಹಿಡೀಬೇಕಾ?"

"ಅಯ್ಯ, ನಿಮ್ಮ ಪಾಳಿ ಬಂದಾಗ ನೋಡೋಣಂತ," ಎಂದರು ಅಧ್ಯಕ್ಷರು.

"ಪಾಳಿ ಅದಲುಬದಲು ಮಾಡ್ರಿ. ಮೈದಾನ ಮೊದಲ ಅವರ್ದು ಆಗ್ಲಿ, ಮ್ಯಾಟ್ ಮೊದಲ ನಮ್ದು. ಮಳಿ ಬಂದ ಮ್ಯಾಲ ಮೈದಾನ ನಾವ್ ತಗೋತೀವಿ, ಮ್ಯಾಟ್ ಅವರಿಗೆ ಕೊಡ್ತೀವಿ. ಆರಾರು ತಿಂಗಳ ಅಂದ್ರ ಆರಾರು ತಿಂಗಳ. ನಿಮ್ಮ ಮಾತ ಮೀರಿಲ್ಲ."

ಅಧ್ಯಕ್ಷರು ಇದರಲ್ಲಿ ಮೋಸ ಎಲ್ಲಿದೆ ಎಂದು ಹುಡುಕುತ್ತಿದ್ದರು. ಅವರ ಸೊಸೆಗೆ ಮನೆಗೆ ಹೋಗುವ ಅವಸರ.

"ಮಾವ, ಕೊಟ್ಬಿಡಿ. ನಾವು ಹೇಗೂ ಕ್ಲಬ್‌ಹೌಸಲ್ಲೇ ಪ್ರಾಕ್ಟೀಸ್ ಮಾಡೋದು. ನಮ್ಗೆ ಮ್ಯಾಟ್ ಇಟ್ಕೊಂಡು ಏನಾಗ್ಬೇಕು?" ಯೆರವಡಾದ ನಾಯಕಿಯ ಕಡೆ ತಿರುಗಿ, "ಮುಟ್ಟಿತ್ತು ಕಣ್ರಿ ನಿಮ್ ಕೈ. ನಾನೇ ನಿಮ್ ಕಾಲು ಹಿಡ್ಕೊಂಡಿದ್ದೆ. ಸಾರಿ," ಎಂದಳು. ಇಷ್ಟು ಹೊತ್ತು ಈ ಮಾತು ಎಲ್ಲಿತ್ತೋ. ಆಫೀಸಿನ ಕೋಣೆಯಲ್ಲಿ ಅವಳು ನನ್ನ ಎದುರಿಗೇ ಕೂತಿದ್ದಳು. ಅವಳನ್ನು ಬಯ್ಯುವ ಹಕ್ಕು ಆ ಕೋಣೆಯಲ್ಲಿದ್ದ ನನಗಂತೂ ಇರಲಿಲ್ಲ.

"ಬರದ್ ಕೊಡ್ರಿ," ಎಂದಳು ಯೆರವಡಾದವಳು ಅಧ್ಯಕ್ಷರಿಗೆ. "ಸಹಿ ಹಾಕಿ ಕೊಡ್ರಿ. ಮ್ಯಾಟ್ ಇವತ್ತೇ ಒಯ್ತೀವಿ."

ಸಹಿ ಆಯಿತು. ಕಬಡ್ಡಿ ಮ್ಯಾಟೆಂದರೆ ಒಂದೇ ಚಾಪೆಯಲ್ಲ, ಒಂದಕ್ಕೊಂದು ಹಲ್ಲು ಕೂಡಿಸಿ ಜೋಡಿಸುವ ದಪ್ಪ ರಬ್ಬರಿನ ಚೌಕಗಳು. ಹುಡುಗಿಯರು ಅವನ್ನು ಬಿಡಿಸಿ ಟೆಂಪೋದಲ್ಲಿ ಒಟ್ಟಿದರು. ಹೆಂಡತಿ ತಾನೂ ನಾಲ್ಕು ಚೌಕ ಎತ್ತಿ ಇಟ್ಟು, ನನ್ನನ್ನು ನೋಡಿ, "ಟೆಂಪೋದ ಹಿಂದ ಗಾಡಿ ತಗೀರಿ. ಅಲ್ಲಿ ಇಳಸಾಕೂ ಮಂದಿ ಬೇಕು," ಎಂದಳು. ನಾವು ಸ್ಕೂಟರಿನಲ್ಲಿ ಯೆರವಡಾದವರೆಗೂ ಹೋದೆವು. ಗೋಡೆಗಳಿಲ್ಲದ, ಕಂಬ ಮತ್ತು ಸ್ಲ್ಯಾಬ್ ಮಾತ್ರ ಇರುವ ಕಟ್ಟಡ. ಅವಳ ಅಪ್ಪ ಸೈಟಿನ ವಾಚ್‌ಮನ್ ಜೊತೆ ಮಾತಾಡಿ ಇಟ್ಟಿದ್ದರು. ಲಿಫ್ಟ್ ಬರುವ ಜಾಗದಲ್ಲಿ ಇನ್ನೂ ಬರೀ ಗುಂಡಿ. ಮೆಟ್ಟಿಲ ಮೇಲೆ ಸಾಲಾಗಿ ನಿಂತು ಚೌಕಗಳನ್ನು ಕೈಯಿಂದ ಕೈಗೆ ಸಾಗಿಸಿದರು. ಮೂರನೇ ಮಹಡಿ ಎಂದು ನನ್ನ ನೆನಪು, ನಾಲ್ಕನೆಯದು ಎಂದು ಹೆಂಡತಿ. ಕ್ಯಾಮೆರಾ ಸ್ಕೂಟರಿನ ಡಿಕ್ಕಿಯಲ್ಲಿತ್ತು, ನನ್ನ ಎರಡೂ ಕೈಯಲ್ಲಿ ರಬ್ಬರ್ ಇತ್ತು. ಪುರಾವೆ ಇಲ್ಲ.

ಮೇಲೆ ಹುಡುಗಿಯರು ಸಿಮೆಂಟಿನ ಪುಡಿ ಗುಡಿಸಿ, ಚೌಕಗಳನ್ನು ಜೋಡಿಸಿ, ಅಂಗೈಯಿಂದ ಗುದ್ದಿ ಕೂರಿಸಿದರು. ಕಂಬ ಅಡ್ಡ ಬಂದುದರಿಂದ ಒಂದು ಮೂಲೆಯಲ್ಲಿ ಅಂಗಳ ಪೂರ್ತಿಯಾಗಲಿಲ್ಲ. ಆ ಮೂಲೆಯ ಕಡೆ ಹೋಗಬಾರದು ಎಂದು ಅಲ್ಲೇ ನಿಯಮ ಮಾಡಿಕೊಂಡರು. ಅವಳು ನಡುಗೆರೆಯ ಮೇಲೆ ಒಮ್ಮೆ ಬೇಕೆಂದೇ ಬಿದ್ದಳು. ಎದ್ದು ಮೊಣಕಾಲು ನೋಡಿಕೊಂಡಳು. ಮತ್ತೊಮ್ಮೆ ಬಿದ್ದಳು.

ನಾನು ಏದುಸಿರು ಬಿಡುತ್ತ ಕೊನೆಯ ಚೌಕವನ್ನು ಎತ್ತಿಕೊಂಡು ಬಂದು, ಅದನ್ನು ಅದರ ಜಾಗದಲ್ಲಿ ಇಡಲು ಮ್ಯಾಟಿನ ಮೇಲೆ ಕಾಲಿಟ್ಟೆ.

"ಸರ್!" ಆ ತುದಿಯಿಂದ ಕೂಗಿದಳು. "ಬೂಟ್ ಬಿಡ್ರಿ ಮೊದಲ!"